ಹುಡುಕುಪೆಟ್ಟಿಗೆಯ ಸೇಡು

ಕಲಬುರಗಿ ಜಿಲ್ಲೆಯ ಕುಂಚಾವರಂ ಕಾಡಿನ ಮಗ್ಗುಲಲ್ಲಿ ಫೋನಿನ ಸಿಗ್ನಲ್ಲು ಬಂದರೆ ಬಂತು, ಹೋದರೆ ಹೋಯಿತು. ಅದಕ್ಕೇ ನನ್ನ ಇ-ಪುಸ್ತಕಗಳೆಲ್ಲ ಲ್ಯಾಪ್‌ಟಾಪಿನಲ್ಲೇ, ಕ್ಯಾಲಿಬರ್ ಎಂಬ ತಂತ್ರಾಂಶದಲ್ಲಿ ಮನೆ ಮಾಡಿವೆ. ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ, ಬಿಡಿಗಾಸು ಕೇಳದ ಕಪಾಟು ಇದು. ನೆತ್ತಿಯ ಮೇಲೊಂದು ಹುಡುಕುಪೆಟ್ಟಿಗೆ.

ಈ ಪೆಟ್ಟಿಗೆಯ ಸ್ವಭಾವ ನಮ್ಮ ಕಡೆಯವರದಲ್ಲ. ನಮ್ಮಲ್ಲಿ "ಅದೇರಿ, ಕೆಂಪು ರಟ್ಟಿಂದು, ನಿಮ್ಮ ಕಾಕಾ ಓದ್ತಿದ್ರಲ್ಲ" ಅಂದರೆ ಪುಸ್ತಕ ಕೈಗೆ ಬರುತ್ತದೆ, ಜೊತೆಗೆ ಕಾಕಾನ ಮಂಡಿನೋವಿನ ಸುದ್ದಿಯೂ. ಪೆಟ್ಟಿಗೆಗೆ ಮಾತ್ರ ಅಕ್ಷರ ಬೇಕು. 'ವಾಡಿ' ಅಂತ ಕೊಟ್ಟು ರೈಲ್ವೆ ಜಂಕ್ಷನ್ನಿನ ಇತಿಹಾಸಕ್ಕೆ ಕಾದರೆ ಅಂಗನವಾಡಿಯೂ ಹೂವಾಡಿಗನೂ ಇಳಿದು ಬರುತ್ತಾರೆ. ಒಳಗೆಲ್ಲೋ 'ವಾಡಿ' ಇದ್ದರೆ ಅದಕ್ಕೆ ಸಾಕು. ಸಿಟ್ಟಿಗೆದ್ದು ಪದಕ್ಕೆ ಮೊದಲು = ಗುರುತು ಹಾಕಿದಿರೋ, ಹೆಸರು ಪೂರ್ತಿ ಅಷ್ಟೇ ಇರಬೇಕೆಂದು ಹಟ ಹಿಡಿದು ಒಂದನ್ನೂ ಕೊಡುವುದಿಲ್ಲ. ಇಂಥ ಪೆಟ್ಟಿಗೆಗಳಲ್ಲಿ ಸೇಡಂ ಬರೆಯುವಾಗ ಸೊನ್ನೆ ಮರೆತರೆ ಸೇಡಿನ ಕಾದಂಬರಿಗಳೆಲ್ಲ ಎದ್ದು ಕೂರುವುದುಂಟು. ಕಂಪ್ಯೂಟರಿಗೆ ಗುಡಿಸು, ಕೊಂಬು ಎಲ್ಲ ಅಕ್ಷರದ ಪಕ್ಕ ನಿಂತ ಬೇರೆ ಗುರುತುಗಳು ನೋಡಿ.

ಇನ್ನು ಊರ ಹೆಸರು ಒಂದೇ ಥರ ಬರೆಯುವ ಕೆಟ್ಟ ಚಟ ಈ ಗಡಿಭಾಗದಲ್ಲಿ ಯಾರಿಗೂ ಇಲ್ಲ. ಚಿತ್ತಾಪುರ, ಚಿತಾಪುರ, ಚಿತ್ತಾಪೂರ, ಶಹಾಬಾದ, ಶಾಬಾದ್, ಕುಂಚಾವರಂ, ಕೊಂಚಾವರಂ. ಜಿಲ್ಲೆಯಂತೂ 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿಯಾಯಿತು. ಪೆಟ್ಟಿಗೆಗೆ ರಾಜ್ಯಪತ್ರ ತಲುಪಿಲ್ಲ, ಗುಲಬರ್ಗಾದ ಪುಸ್ತಕಗಳು ಅದಕ್ಕೆ ಇನ್ನೂ ಪರದೇಶದವು.

ಕ್ಯಾಲಿಬರ್‌ನ 2022ರ ಆರನೇ ಆವೃತ್ತಿಯಲ್ಲಿ ಪುಸ್ತಕದ ಹೊಟ್ಟೆಯೊಳಗೂ ಹುಡುಕುವ ಸೌಲಭ್ಯ ಬಂತು. ಆದರೆ ಹಳೆಯ ಕನ್ನಡ ಪುಸ್ತಕ ಬಹುಪಾಲು ಸ್ಕ್ಯಾನು, ಅಂದರೆ ಪುಟದ ಫೋಟೋ. ಅಲ್ಲಿ ಅಕ್ಷರ ಕಾಣುವುದು ನಮಗೆ ಮಾತ್ರ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪಾದದ್ದು ಇನ್ನೂ ಮೋಜು: ಮೇಲೆ ಅಚ್ಚಗನ್ನಡ, ಒಳಗೆ ರೋಮನ್ ಲಿಪಿಯ ಕಿಚಡಿ.

ಪೆಟ್ಟಿಗೆಯೂ ವಿದ್ವಾಂಸರೂ ಒಟ್ಟಿಗೆ ಸಿಕ್ಕಿಬೀಳುವುದು ಕವಿರಾಜಮಾರ್ಗದಲ್ಲಿ. ಕನ್ನಡದಲ್ಲಿ ಉಳಿದು ಬಂದ ಮೊದಲ ಗ್ರಂಥ, ಕ್ರಿ.ಶ. 850ರ ಸುಮಾರಿನದು, ಹುಟ್ಟಿದ್ದು ಸೇಡಂ ತಾಲೂಕಿನ ಕಾಗಿಣಾ ದಂಡೆಯ ಮಳಖೇಡದ ಆಸ್ಥಾನದಲ್ಲಿ. ಬರೆದವನು ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನೋ, ಅವನ ಸಭೆಯ ಶ್ರೀವಿಜಯನೋ? ಈ ಜಗಳ ತಲೆಮಾರುಗಳಿಂದ ನಡೆದಿದೆ. ಲೇಖಕರ ಕಾಲಂ ಖಾಲಿ ಬಿಟ್ಟರೆ ಪುಸ್ತಕ 'ಅಜ್ಞಾತ'ರ ಗುಂಪಿಗೆ ಹೋಗುತ್ತದೆ. ನಾನು ಎರಡೂ ಹೆಸರು ಬರೆದು ನಡುವೆ & ಹಾಕಿದೆ. ಯಾರ ಹೆಸರಲ್ಲಿ ಕೇಳಿದರೂ ಗ್ರಂಥ ಈಗ ತುಟಿಪಿಟಕ್ಕೆನ್ನದೆ ಬರುತ್ತದೆ. ವಿದ್ವಾಂಸರು ಒಪ್ಪುವುದಿಲ್ಲ, ಗೊತ್ತು. ಆದರೆ ಹೆಸರಿನ ಕೊನೆಯ ಪದವನ್ನು ಅಡ್ಡಹೆಸರೆಂದು ತಿಳಿಯುವುದು ತಂತ್ರಾಂಶದ ಪದ್ಧತಿ. ಹಾಗಾಗಿ ವಿಂಗಡಣೆಯ ಪಟ್ಟಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ 'ನೃಪತುಂಗ, ಅಮೋಘವರ್ಷ' ಎಂದು ಹಾಜರಿ ಪುಸ್ತಕದ ಹುಡುಗನ ಹಾಗೆ ನಿಂತಿದ್ದಾನೆ.