ಗೃಹೋಷ್ಣಮೀಮಾಂಸೆಯ ಗೋಣಿಚೀಲಾಧಿಕರಣ

ಶಾಸ್ತ್ರಗ್ರಂಥವೆಂದ ಮೇಲೆ ಆದಿಯಲ್ಲಿ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಹಿರಿಯರು ಹಾಕಿಕೊಟ್ಟ ಮರ್ಯಾದೆ. ಅದರಂತೆ, ಮಲೆನಾಡಿನ ಹೆಂಚಿನ ಮನೆಯೊಂದನ್ನು ಋತುಋತುವಿಗೂ ಅಲ್ಪಸ್ವಲ್ಪ ಅದಲುಬದಲು ಮಾಡಿ ಬೆಚ್ಚಗಿರಿಸಿಕೊಳ್ಳುವ ವಿದ್ಯೆಯೇ ಈ ಪ್ರಬಂಧದ ವಿಷಯವೆಂದೂ, ನೆಗಡಿಯ ನಿವೃತ್ತಿಯೇ ಪ್ರಯೋಜನವೆಂದೂ, ವಿಷಯಕ್ಕೂ ಪ್ರಬಂಧಕ್ಕೂ ಇರುವ ಸಂಬಂಧವು ಸೋರುವ ಮಾಡಿಗೂ ಅದರ ಕೆಳಗಿಟ್ಟ ತಪ್ಪಲೆಗೂ ಇರುವಂಥದೆಂದೂ (ಹಿಡಿದಷ್ಟು ಹಿಡಿಯಿತು, ಉಳಿದದ್ದು ನೆಲದ ಪಾಲು) ಪ್ರಾರಂಭದಲ್ಲಿಯೇ ವಿಜ್ಞಾಪಿಸಿಕೊಳ್ಳುತ್ತೇನೆ. ನಾಲ್ಕನೆಯದಾದ ಅಧಿಕಾರಿಯಾರೆಂಬ, ಅರ್ಥಾತ್ ಈ ವಿದ್ಯೆಗೆ ಯೋಗ್ಯತೆಯುಳ್ಳವರಾರೆಂಬ ಪ್ರಶ್ನೆಯಲ್ಲಿ ನಮ್ಮ ಮನೆಯೊಳಗೇ ಏಕಾಭಿಪ್ರಾಯವಿಲ್ಲದಿರುವುದರಿಂದ ಅದನ್ನು ಕಡೆಯ ಅಧ್ಯಾಯಕ್ಕೆ ಮುಂದೂಡಿದ್ದೇನೆ. ಮೂರನೆಯ ಅಧ್ಯಾಯವು ಪಡುವಣ ಕಿಟಕಿಯ ಬಾಗಿಲಿಗೂ ಚೌಕಟ್ಟಿಗೂ ನಡುವಣ ಸಂದಿನಲ್ಲಿ ಮಡಿಚಿ ತುರುಕಲ್ಪಟ್ಟಿದ್ದು, ಗಾಳಿಯನ್ನು ಸಮರ್ಥವಾಗಿ ಖಂಡಿಸುತ್ತಿರುವುದರಿಂದ, ಚಿತ್ತೆಯ ಮಳೆ ಕಳೆಯುವವರೆಗೆ ವಾಚಕರಿಗೆ ಲಭ್ಯವಾಗಲಾರದು. ನನ್ನ ವಾದವೊಂದು ಎದುರಾಳಿಯನ್ನು ತಡೆದು ನಿಲ್ಲಿಸಿದ್ದು ಇದೇ ಮೊದಲು.

ಮೊದಲು ಲಕ್ಷಣ. ಬಿಸಿಯೆಂಬುದು ಹಂಡೆಯ ನೀರಿನ ಧರ್ಮ. ಸೆಕೆಯೆಂಬುದು ಘಟ್ಟದ ಕೆಳಗಣವರ ಪ್ರಾರಬ್ಧ. ಕಾವೆಂಬುದು ಹೇಂಟೆಯ ಕರ್ತವ್ಯ. ಬೆಚ್ಚಗಿರುವುದೆಂಬುದು ಈ ಮೂರರಲ್ಲಿ ಯಾವುದೂ ಅಲ್ಲ. ಬೆಚ್ಚಿಬೀಳುವುದರಿಂದಲೇ ಬೆಚ್ಚಗೆಂಬ ಶಬ್ದವು ಹುಟ್ಟಿತೆಂಬುದು ನನ್ನ ಮತ. ಆಶ್ಲೇಷೆಯ ಮಳೆಯ ಮುಂಜಾನೆ ಹಾಸಿಗೆಯಿಂದೆದ್ದು ಬರಿಗಾಲನ್ನು ಬೆವೆತ ನೆಲಕ್ಕಿಟ್ಟವನು ಮೊದಲು ಬೆಚ್ಚುತ್ತಾನೆ, ತರುವಾಯ ಆ ಕಾಲನ್ನು ಕಂಬಳಿಯೊಳಕ್ಕೆ ಎಳೆದುಕೊಂಡು ಬೆಚ್ಚಗಾಗುತ್ತಾನೆ. ಆದಕಾರಣ ಪೂರ್ವಾಪರ ಸಂಬಂಧವು ಸ್ಪಷ್ಟ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಅವರ ಮನೆಗಳು ಬಹುಶಃ ಮೈಸೂರಿನಲ್ಲಿವೆ. ಹೊರಗೆ ಚಳಿಯುಂಟೆಂಬ, ಮತ್ತು ಅದನ್ನು ಆ ಹೊತ್ತಿಗೆ ಬೇರೆ ಯಾರೋ ಅನುಭವಿಸುತ್ತಿರುವರೆಂಬ ಜ್ಞಾನದಿಂದ ಕೂಡಿದ ಮಂದೋಷ್ಣವೇ ಬೆಚ್ಚಗಿರುವಿಕೆ ಎಂಬುದಾಗಿ ನಾನು ಲಕ್ಷಣವಾಕ್ಯವನ್ನು ರಚಿಸಿದ್ದೇನೆ. ಜ್ಞಾನವೆಂಬ ವಿಶೇಷಣವನ್ನು ಕೈಬಿಟ್ಟರೆ ಜ್ವರ ಬಂದವನಲ್ಲಿ ಅತಿವ್ಯಾಪ್ತಿ. ಬೇರೆ ಯಾರೋ ಎಂಬುದನ್ನು ಕೈಬಿಟ್ಟರೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವ ಸರದಿ ನನ್ನದಾಗುವ ಸಂಭವ. ಸುಖಸಾಧನಗಳನ್ನು ಎಣಿಸಹೊರಟ ಸರ್ವಜ್ಞನು ಬೆಚ್ಚನೆಯ ಮನೆಯನ್ನು ಮೊದಲಿಗಿಟ್ಟು, ಮನೆಯೊಡತಿಯನ್ನು ದುಡ್ಡಿನ ಮಾತು ಮುಗಿದ ಬಳಿಕ ಮೂರನೆಯವಳಾಗಿ ಕರೆದನಷ್ಟೆ. ಅವಳು ಬರುವುದಕ್ಕೆ ಮುಂಚೆಯೇ ಮನೆಯು ತಾನಾಗಿ ಬೆಚ್ಚಗಾದದ್ದು ಹೇಗೆಂಬುದನ್ನು ಮಾತ್ರ ಆತನು ಹೇಳಿಲ್ಲ. ಆ ಲೋಪವನ್ನು ತುಂಬುವುದಕ್ಕೇ ಈ ಉದ್ಯಮ.

ಇತಿಹಾಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. 1855ರಲ್ಲಿ ಕಲ್ಕತ್ತೆಯ ಸಮೀಪದ ರಿಶ್ರಾದಲ್ಲಿ ಸೆಣಬಿನ ಗಿರಣಿ ಪ್ರಾರಂಭವಾಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬಾತನು ಹೆಂಚಿನ ಕಾರ್ಖಾನೆಯನ್ನು ತೆರೆದನು. ಅಡಿಗೆ ಹಾಸುವುದಕ್ಕೆ ಗೋಣಿಯೂ ಮೇಲೆ ಹೊದಿಸುವುದಕ್ಕೆ ಹೆಂಚೂ ಹೀಗೆ ಹತ್ತೇ ವರ್ಷಗಳ ಅಂತರದಲ್ಲಿ ಭರತಖಂಡದ ಎರಡು ಮಗ್ಗುಲುಗಳಲ್ಲಿ ಉದಿಸಿ, ಘಟ್ಟವೇರಿ ಬಂದು, ನಮ್ಮ ಅಡುಗೆಮನೆಯಲ್ಲಿ ಪರಸ್ಪರ ಮುಖ ನೋಡಿದವು. ಈ ದಶಕದ ಮಹತ್ತ್ವವನ್ನು ಗ್ರಹಿಸದೆ ನಮ್ಮ ಚರಿತ್ರಕಾರರು ಅದರ ನಡುವಣ 1857ನ್ನೇ ಹಿಡಿದು ಕುಳಿತಿರುವುದು ಶೋಚನೀಯ.

ಇನ್ನು ಪೂರ್ವಾಚಾರ್ಯರ ವಿಚಾರ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವೂ, ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ ಮೂರನೆಯ ಅಧ್ಯಾಯವೂ ಋತುಚರ್ಯೆಗೆ ಮೀಸಲಾಗಿವೆ. ಹೇಮಂತದಲ್ಲಿ ಕೆಂಡದಿಂದ ಕಾಯಿಸಿದ ಒಳಕೋಣೆಯಲ್ಲಿಯೂ ನೆಲಮನೆಯಲ್ಲಿಯೂ ವಾಸಮಾಡಬೇಕೆಂದು ಅವರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಒಪ್ಪುವುದಕ್ಕೆ ನೆಲಮನೆ ಇರಬೇಕೆಂಬ ನಿಯಮವಿಲ್ಲ. ಆದರೆ ವರ್ಷರ್ತುವಿನ ಪ್ರಕರಣದಲ್ಲಿ ವಾಗ್ಭಟನಿಗೂ ನನಗೂ ಗಂಭೀರವಾದ ಭಿನ್ನಾಭಿಪ್ರಾಯವುಂಟು. ಮಳೆಗಾಲದಲ್ಲಿ ಆತನು ವರ್ಜಿಸಹೇಳಿದವುಗಳಲ್ಲಿ ಬಿಸಿಲೂ ಒಂದು. ಈ ವಿಧಿಯನ್ನು ನಮ್ಮ ಸೀಮೆಯವರು ಜೂನಿನಿಂದ ಸೆಪ್ಟೆಂಬರಿನವರೆಗೆ ಚಾಚೂ ತಪ್ಪದೆ ಪಾಲಿಸುತ್ತಾರೆ. ಆಯಾಸವನ್ನು ವರ್ಜಿಸಬೇಕೆಂಬುದನ್ನು ನಾನೊಬ್ಬನು ಪಾಲಿಸುತ್ತೇನೆ. ಹಗಲುನಿದ್ರೆಯನ್ನೂ ವರ್ಜಿಸಬೇಕೆನ್ನುವಾಗ ಮಾತ್ರ, ಆರಿದ್ರೆಯ ಮಳೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಂಚಿನ ಮೇಲಣ ಆ ಏಕಧ್ವನಿಯನ್ನು ಕೇಳುತ್ತ ಈ ಮಹಾನುಭಾವನು ಒಂದು ದಿನವೂ ನಮ್ಮ ಚಾವಡಿಯಲ್ಲಿ ಕುಳಿತವನಲ್ಲವೆಂಬುದು ಸಿದ್ಧವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಅಂಗುಲ ಮಳೆ; ಅಲ್ಲಿಂದ ಮೂಡಣಕ್ಕಿರುವ ನಮ್ಮೂರಿನಲ್ಲಿ ಅದರ ಅರ್ಧದಷ್ಟೂ ಬೀಳದೆಂದು ನಮ್ಮವರಿಗೆ ಕೊಂಚ ಕೀಳರಿಮೆಯುಂಟಾದರೂ, ನಿದ್ರೆಗೆ ಬೇಕಾದಷ್ಟು ಬೀಳುತ್ತದೆ. ಇನ್ನೊಂದು ಮಾತಿನಲ್ಲಿ ವಾಗ್ಭಟನು ಸರ್ವಥಾ ಗೆದ್ದಿದ್ದಾನೆ: ಮಳೆಗಾಲದಲ್ಲಿ ಧೂಪ ಹಾಕಿದ ಬಟ್ಟೆಯನ್ನು ಉಡಬೇಕೆಂದು ಆತನ ಅಪ್ಪಣೆ. ಬಚ್ಚಲೊಲೆಯ ಮೇಲೆ ಅಡ್ಡಲಾಗಿ ತೂಗುಬಿಟ್ಟ ಗಳುವಿನ ಮೇಲೆ ಮೂರು ದಿನ ಒಣಗಿದ ಅಂಗಿಯನ್ನು ತೊಟ್ಟು ನಮ್ಮ ಮಕ್ಕಳು ಶಾಲೆಯ ಬೆಂಚಿನಲ್ಲಿ ಕುಳಿತಾಗ, ಯಾರ ಮನೆಯಲ್ಲಿ ಹಲಸಿನ ಸೌದೆ, ಯಾರ ಮನೆಯಲ್ಲಿ ಅಡಕೆಯ ಹಾಳೆ ಉರಿಯುತ್ತಿದೆಯೆಂಬುದನ್ನು ಮೇಷ್ಟರು ಹಾಜರಿ ಕರೆಯದೆಯೇ ತಿಳಿಯಬಹುದಾಗಿದೆ.

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ. ಪೂರ್ವಪಕ್ಷಿಯೆಂದರೆ ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ. ಋತುಭೇದಕ್ಕೆ ವಸ್ತುಭೇದವೇ ಪರಿಹಾರ, ಚಳಿಗೊಂದು ಪರದೆ, ಮಳೆಗೊಂದು ಜಮಖಾನೆ, ಬೇಸಗೆಗೊಂದು ಚಾಪೆ ಎಂಬಂತೆ ಆಗಾಗ ಕೊಳ್ಳುತ್ತಿದ್ದರೆ ಮನೆಯು ತಾನೇ ಹಿತವಾಗುತ್ತದೆಂಬುದು ಅವನ ವಾದ. ಒಂದು ವರ್ಷ ಮೃಗಶಿರೆ ಹುಟ್ಟುವ ಮುನ್ನಾದಿನ ಅವನು ಕೆಂಪು ಜಮಖಾನೆಯೊಂದನ್ನು ತಂದು ಚಾವಡಿಯಲ್ಲಿ ಹಾಸಿದನು. ಪುನರ್ವಸುವಿನ ಹೊತ್ತಿಗೆ ಅದರ ಮೇಲೆ ಬೂಷ್ಟು ಹಬ್ಬಿ, ಅದರ ಮೂಲವರ್ಣವು ಅನುಮಾನಪ್ರಮಾಣಕ್ಕೆ ಮಾತ್ರ ಗೋಚರವಾಗುವಂತಾಯಿತು. ಪೂರ್ವಪಕ್ಷವು ಈಗ ಅಟ್ಟದ ಮೇಲಿದೆ.

ಸಿದ್ಧಾಂತವೇನೆಂದರೆ, ಋತುವು ಬದಲಾದಾಗ ವಸ್ತುವನ್ನು ಬದಲಿಸತಕ್ಕದ್ದಲ್ಲ, ಇದ್ದ ವಸ್ತುವನ್ನು ಮೂರು ಮೊಳ ಸರಿಸತಕ್ಕದ್ದು. ದೃಷ್ಟಾಂತಕ್ಕೆ ಅಡಕೆಯ ಸೋಗೆಯನ್ನೇ ನೋಡಿ. ದೀಪಾವಳಿ ಕಳೆದ ಮೇಲೆ ಅಂಗಳದ ಚಪ್ಪರವೇರಿ, ಬೇಸಗೆಯೆಲ್ಲ ನೆರಳು ಕೊಟ್ಟು, ರೋಹಿಣಿಯ ಮಳೆಯ ಹೊತ್ತಿಗೆ ಕೆಳಗಿಳಿದು, ತಟ್ಟಿಯಾಗಿ ಹೆಣೆಯಿಸಿಕೊಂಡು, ಜಗಲಿಯ ಪಡುವಣ ಬದಿಗೆ ಇರಚಲು ಹೊಡೆಯದಂತೆ ನಿಂತು, ಕಡೆಗೆ ಕೊಳೆತು, ತಾನು ಬಿದ್ದ ಮರದ ಬುಡಕ್ಕೇ ಗೊಬ್ಬರವಾಗಿ ಸೇರುವ ಅದು, ಆಯುಷ್ಯವೆಲ್ಲ ಪ್ರಯಾಣ ಮಾಡಿಯೂ ನೂರು ಮಾರು ದೂರ ಹೋಗಿರುವುದಿಲ್ಲ.

ಆದರೆ ಸೋಗೆಯು ಕೊಳೆಯುತ್ತದೆ, ಗೋಣಿಚೀಲವು ನಿತ್ಯ. ಹಸುವಿನ ಹಿಂಡಿಯನ್ನು ತುಂಬಿಕೊಂಡು ಪೇಟೆಯಿಂದ ಬಂದ ಅದರ ಉಪಾಧಿಯು ಖಾಲಿಯಾದೊಡನೆ, ನಮ್ಮ ದೊಡ್ಡಮ್ಮ ಅದನ್ನು ಅಂಗಳದ ಕಲ್ಲಿಗೆ ಎರಡು ಸಲ ಬಡಿದು, ಬಾಯಿಯ ಹೊಲಿಗೆದಾರವನ್ನು ಬಿಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ (ದಾರದ ಮೀಮಾಂಸೆಯೇ ಬೇರೆ). ಮೃಗಶಿರೆಯಲ್ಲಿ ಚೀಲವು ನಾಲ್ಕು ಮಡಿಕೆಯಾಗಿ ಅಡುಗೆಮನೆಯ ಹೊಸ್ತಿಲಿನ ಒಳಗಡೆ ಬೀಳುತ್ತದೆ; ಹೊರಗಡೆ ಹಾಕಿದರೆ ಕಾಲಿನ ಕೆಸರು ಹೋಗುತ್ತದೆ, ಒಳಗಡೆ ಹಾಕಿದರೆ ಕೆಸರೂ ಹೋಗುತ್ತದೆ, ಒಲೆಯ ಮುಂದೆ ನಿಂತವರ ಅಂಗಾಲೂ ಬೆಚ್ಚಗಾಗುತ್ತದೆ. ಆಶ್ಲೇಷೆಯಲ್ಲಿ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ದೂಡಿದರೆ ಅದೇ ಕೊಪ್ಪೆ; ತಲೆಯ ಮೇಲೆ ಹಾಕಿಕೊಂಡು ಕೊಟ್ಟಿಗೆಗೆ ಹೋಗಿಬರಬಹುದು. ಮಾಗಿಯಲ್ಲಿ ಎಳೆಗರುವಿನ ಬೆನ್ನಿನ ಮೇಲೆ. ಅಡಕೆಯ ಕೊಯ್ಲು ಮುಗಿದಾಗ ಕೆಲವು ದಿನ ಅದು ತನ್ನ ಸ್ವಧರ್ಮಕ್ಕೆ ಮರಳಿ, ಚೀಲವೆಂದರೆ ತುಂಬಿಸುವುದಕ್ಕಿರುವುದೆಂಬ ಭ್ರಾಂತಿಗೆ ಒಳಗಾಗುತ್ತದೆ. ವೈಶಾಖದಲ್ಲಿ ಒದ್ದೆಯಾಗಿ ನೀರಿನ ಕೊಡವನ್ನು ತಬ್ಬಿಕೊಂಡು ಕುಳಿತರೆ, ತನ್ನ ಮೈಯ ನೀರು ಆರುವಾಗ ಕೊಡದ ತಾಪವನ್ನೂ ಹೊತ್ತೊಯ್ಯುತ್ತದೆ. ಆಷಾಢದಲ್ಲಿ ಕಾಲನ್ನು ಬಿಸಿಮಾಡಿದ ವಸ್ತುವೇ ವೈಶಾಖದಲ್ಲಿ ನೀರನ್ನು ತಂಪು ಮಾಡುವುದೆಂದರೆ, ನಾಮರೂಪಗಳೆಲ್ಲ ಆರೋಪಿತ, ಗೋಣಿಯೊಂದೇ ಸತ್ಯವೆಂಬುದಕ್ಕೆ ಬೇರೆ ಪ್ರಮಾಣವೇಕೆ? ರಜ್ಜುಸರ್ಪನ್ಯಾಯವೂ ಇಲ್ಲಿ ಸಲ್ಲುತ್ತದೆ. ಕತ್ತಲೆಯಲ್ಲಿ ನೀರು ಕುಡಿಯಲೆದ್ದವನು ನಾನು ಒಂದು ರಾತ್ರಿ ಬೆಕ್ಕೆಂದು ಭ್ರಮಿಸಿ ಗೋಣಿಯನ್ನು ದಾಟಿಕೊಂಡು ಹೋದೆ. ಮರುರಾತ್ರಿ ಗೋಣಿಯೆಂದು ನಿಶ್ಚಯಿಸಿ ಬೆಕ್ಕನ್ನು ತುಳಿದೆ. ಎರಡನೆಯ ಜ್ಞಾನವು ಬಾಧಿತವಾದದ್ದು ನೆರೆಮನೆಗೂ ಕೇಳಿಸಿತು.

ಬೆಕ್ಕಿನ ಪ್ರಸ್ತಾಪ ಬಂದದ್ದರಿಂದ ಪ್ರಮಾಣವಿಚಾರವನ್ನು ಇಲ್ಲಿಯೇ ಎತ್ತಿಕೊಳ್ಳಬೇಕಾಗಿದೆ. ಗೋಣಿಯನ್ನು ಇಂಥ ದಿನ, ಇಂಥ ಕಡೆಗೆ ಸರಿಸಬೇಕೆಂಬುದನ್ನು ದೊಡ್ಡಮ್ಮ ತಿಳಿಯುವುದು ಹೇಗೆ? ಸೂರ್ಯನು ಒಂದೊಂದು ನಕ್ಷತ್ರದಲ್ಲಿಯೂ ಹದಿಮೂರೋ ಹದಿನಾಲ್ಕೋ ದಿನ ಇರುವನೆಂದು ಪಂಚಾಂಗದಲ್ಲಿದ್ದರೂ, ಪಂಚಾಂಗವನ್ನು ಅವಳು ತೆಗೆಯುವುದು ಏಕಾದಶಿಗೆ ಮಾತ್ರ. ನನ್ನ ವಾಗ್ಭಟನನ್ನು ಅವಳು ಓದಿಲ್ಲ. ಓದೋಣವೆಂದರೆ ಅವನ ರಟ್ಟಿನ ಮೇಲೂ ಬೂಷ್ಟು. ದಪ್ಪಗಿರುವ ದೇವದತ್ತನು ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದು ಊಹಿಸುವುದನ್ನು ಶಾಸ್ತ್ರದಲ್ಲಿ ಅರ್ಥಾಪತ್ತಿಯೆನ್ನುತ್ತಾರಷ್ಟೆ. ಅದೇ ಕ್ರಮದಲ್ಲಿ ನಾನು ಎರಡು ಮಳೆಗಾಲ, ಚಾವಡಿಯ ಕಂಬಕ್ಕೊರಗಿ, ಸುಟ್ಟ ಹಲಸಿನ ಹಪ್ಪಳವನ್ನು ತಿನ್ನುತ್ತ (ಸಂಶೋಧನೆಯ ವೆಚ್ಚ ಇಷ್ಟೇ), ಅವಳನ್ನು ಗಮನಿಸಿದೆ. ಬೆಳಗ್ಗೆ ಒಲೆಯ ಬೂದಿಯನ್ನು ತೋಡುವ ಮುನ್ನ ಅವಳು ಅದರ ನಡುವಣ ತಗ್ಗಿಗೆ ಅಂಗೈಯಿಟ್ಟು ನೋಡುತ್ತಾಳೆ. ಬೂದಿಯಲ್ಲಿ ಬಟ್ಟಲಿನಷ್ಟು ತಗ್ಗಿದ್ದು ಅದು ಬೆಚ್ಚಗಿದ್ದರೆ, ಬೆಕ್ಕು ರಾತ್ರಿಯೆಲ್ಲ ಅಲ್ಲಿ ಮಲಗಿತ್ತೆಂದು ಅರ್ಥ. ಅಂದು ಗೋಣಿಯು ಹೊಸ್ತಿಲಿನಿಂದ ಒಲೆಯತ್ತ ಒಂದು ಮೊಳ ಸರಿಯುತ್ತದೆ, ಕೆಮ್ಮಣ್ಣು ಸವರಿಟ್ಟ ಹಲಸಿನ ಬೀಜಗಳಲ್ಲಿ ಹಿಡಿಯಷ್ಟು ಕೆಂಡದ ಪಾಲಾಗುತ್ತವೆ, ಉಪ್ಪಿನ ಮರಿಗೆಯೂ ಬೆಂಕಿಪೊಟ್ಟಣವೂ ಒಲೆಯ ದಂಡೆಗೆ ಬರುತ್ತವೆ. ಬೆಕ್ಕು ಅಟ್ಟದ ಮೆಟ್ಟಿಲಿನಲ್ಲಿ ಸಿಕ್ಕಿದರೆ ಏನೂ ಸರಿಯುವುದಿಲ್ಲ. ಚರಕನೂ ವಾಗ್ಭಟನೂ ಪಂಚಾಂಗದವರೂ ಕೂಡಿ ಪ್ರತಿಪಾದಿಸಿದ ಶಾಸ್ತ್ರದ ಮೂಲಪ್ರಮಾಣವು ನಮ್ಮ ಮನೆಯಲ್ಲಿ ಬೂದುಬಣ್ಣದ್ದಾಗಿ, ಒಂದು ಕಿವಿ ಹರಿದದ್ದಾಗಿ, ಹಾಲಿನ ಪಾತ್ರೆಯ ವಿಚಾರದಲ್ಲಿ ಅವಿಶ್ವಸನೀಯವಾಗಿ ಇರುವುದೆಂಬುದನ್ನು ಕಂಡಾಗ ನನಗೆ ರೋಮಾಂಚವಾಯಿತು. ದೊಡ್ಡಮ್ಮ ಅದನ್ನು ಚಳಿಯೆಂದು ತಿಳಿದು ಕಷಾಯ ಕೊಟ್ಟಳು.

ಪ್ರಯೋಗವಿಲ್ಲದ ಶಾಸ್ತ್ರವು ಶೋಭಿಸದು. ಈ ವರ್ಷ ಹಸ್ತದ ಮಳೆಯ ನಡುವೆ ಒಂದು ಬೆಳಗ್ಗೆ ಎಳೆಬಿಸಿಲು ಕಾಣಿಸಿಕೊಂಡು, ಬೆಕ್ಕು ಒಲೆಯನ್ನು ಬಿಟ್ಟು ಜಗಲಿಯ ತುದಿಗೆ ಬಂದು, ನಾಲ್ಕು ಕಾಲುಗಳನ್ನೂ ಚಾಚಿ ಮಲಗಿತು. ನಾನು ದೊಡ್ಡಮ್ಮನನ್ನು ಕರೆದು, ತಟ್ಟಿಯನ್ನು ಬಿಚ್ಚಿಸಬಹುದೆ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಸೌತೆಕಾಯಿಯಿಂದ ತಲೆಯೆತ್ತಿ ನೋಡಿ, "ಬೆಕ್ಕು ಜಗಲಿಗೆ ಬಂತಲ್ಲ" ಎಂದಳು. ಈ ವಾಕ್ಯವು ವಿಧಿಯೋ ಅರ್ಥವಾದವೋ, ಅಂದರೆ ಮಾಡೆಂಬ ಕಟ್ಟಳೆಯೋ ಬರಿಯ ವರ್ಣನೆಯೋ ಎಂಬುದೇ ಮೀಮಾಂಸಕನು ಮೊದಲು ವಿಚಾರಿಸಬೇಕಾದ ಸಂಗತಿ. ನಾನು ವಿಚಾರಿಸಿದೆ, ವಿಧಿಯೆಂದು ನಿರ್ಣಯಿಸಿದೆ, ಆಳನ್ನು ಕರೆದು ಮಧ್ಯಾಹ್ನದೊಳಗೆ ತಟ್ಟಿಯ ಕಟ್ಟುಗಳನ್ನೆಲ್ಲ ಕೊಯ್ಯಿಸಿದೆ. ನಾಲ್ಕು ತಿಂಗಳ ಮೇಲೆ ಜಗಲಿಗೆ ಬೆಳಕು ಬಂದು, ಗೋಡೆಯ ಮೇಲೆ ನೀರು ಇಳಿದ ಗುರುತುಗಳು ಭೂಪಟದಂತೆ ಕಾಣಿಸಿದವು.

ಮೂರನೆಯ ದಿನ ಚಿತ್ತೆಯ ಮಳೆ ಗುಡುಗಿನೊಡನೆ ಪಡುವಣದಿಂದ ಓರೆಯಾಗಿ ಬಂದು, ಜಗಲಿಯನ್ನು ಹೊಡೆದು, ಚಾವಡಿಗೆ ನುಗ್ಗಿ, ನಾನು ಬರೆಯುತ್ತಿದ್ದ ಮಣೆಯವರೆಗೆ ತಲುಪಿತು. ಎಲ್ಲರಿಗಿಂತ ಮೊದಲು ಒಳಗೆ ಓಡಿದ್ದು ಬೆಕ್ಕು. ಗೋಣಿಯ ನಟ್ಟನಡುವೆ ಕುಳಿತು ಅದು ಮೈ ನೆಕ್ಕಿಕೊಳ್ಳತೊಡಗಿತು. ಪ್ರಮಾಣವೇ ಹೀಗೆ ಕೈಕೊಟ್ಟಿತಲ್ಲವೆಂದು ನಾನು ಆಕ್ಷೇಪಿಸಲು, ದೊಡ್ಡಮ್ಮ, "ಬೆಕ್ಕಿಗೇನು ಗೊತ್ತು? ಬೆಕ್ಕು ಬಂತು ಅಂದೆ ನಾನು. ತಟ್ಟಿ ಬಿಚ್ಚು ಅಂದೆನಾ?" ಎಂದು ಕೇಳಿ, ಕಿಟಕಿ ಮತ್ತೆ ಬಡಿದುಕೊಳ್ಳುತ್ತಿರುವುದನ್ನು ಕಂಡು, ಮಣೆಯ ಮೇಲೆ ಇನ್ನೂ ಒಣಗಿದ್ದ ಹಾಳೆಗಳ ಕಟ್ಟನ್ನು ಎತ್ತಿಕೊಂಡಳು. ಅಧಿಕಾರಿನಿರೂಪಣವುಳ್ಳ ಕಡೆಯ ಅಧ್ಯಾಯವು ಅಂದಿನಿಂದ ಮೂರನೆಯದರ ಪಕ್ಕದಲ್ಲಿದೆ.