ಹಿನ್ನೆಲೆ ನಿವಾರಕರು

ಬಡಾವಣೆಗೊಬ್ಬರು ಪಂಚಾಂಗದವರು, ಒಬ್ಬರು ಹೋಮಿಯೋಪತಿಯವರು, ಕರೆಯದೆ ಬಂದು ಮೀಟರು ಬೋರ್ಡನ್ನು ಬಿಚ್ಚಿ ನೋಡತಕ್ಕ ಒಬ್ಬರು ನಿವೃತ್ತ ಇಂಜಿನಿಯರು ಇರುವುದು ಬೆಂಗಳೂರಿನ ಪಶ್ಚಿಮಭಾಗದ ಹಳೆಯ ಸಂಪ್ರದಾಯ. ಈ ಪರಂಪರೆಗೆ ಈಚೆಗೆ ಸೇರ್ಪಡೆಯಾಗಿರುವ ನೂತನ ವರ್ಗವೊಂದರ ಪ್ರತಿನಿಧಿಯೊಬ್ಬರು ಮಹಾಲಕ್ಷ್ಮಿ ಲೇಔಟಿನಲ್ಲಿ ವಾಸವಾಗಿದ್ದಾರೆ. ಯಾರ ಭಾವಚಿತ್ರವೇ ಆಗಲಿ, ಕೈಗೆ ಸಿಕ್ಕಿದೊಡನೆ ಅದರೊಳಗಿನ ವ್ಯಕ್ತಿಯೊಬ್ಬನನ್ನು ಮಾತ್ರ ಉಳಿಸಿ, ಅವನ ಬೆನ್ನ ಹಿಂದಿನ ಗೋಡೆ, ಕ್ಯಾಲೆಂಡರು, ನೀರಿನ ಡ್ರಮ್ಮು, ಒಣಹಾಕಿದ ಬಟ್ಟೆ, ಹೆಂಡತಿಯ ಕಡೆಯ ನೆಂಟರು ಇವೇ ಮೊದಲಾದ ಸಮಸ್ತ ಪ್ರಪಂಚವನ್ನೂ ಕಂಪ್ಯೂಟರಿನಲ್ಲಿ ಅಳಿಸಿ, ಪಾರದರ್ಶಕವಾದ ಶೂನ್ಯದಲ್ಲಿ ಅವನನ್ನು ನಿಲ್ಲಿಸಿ ಹಿಂದಕ್ಕೆ ಕೊಡುವುದು ಇವರು ಕೈಗೊಂಡಿರುವ ವ್ರತ. ಬೀದಿಯ ಹುಡುಗರು ಇವರನ್ನು ‘ಪಿಎನ್‌ಜಿ ಅಂಕಲ್’ ಎನ್ನುತ್ತಾರೆ. ವಯಸ್ಸಿಗೂ ವಿದ್ಯೆಗೂ ಸಲ್ಲತಕ್ಕ ಗೌರವವನ್ನು ಸಲ್ಲಿಸುವ ಉದ್ದೇಶದಿಂದ ನಾನು ಹಿನ್ನೆಲೆ ನಿವಾರಕರೆನ್ನುತ್ತೇನೆ.

ನಿವಾರಕರ ಪೂರ್ವಾಶ್ರಮ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರದ ಕಾರ್ಖಾನೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೆಲಸ ತೊಡಗಿ, ಒಂದೆರಡು ತಲೆಮಾರುಗಳ ಅಳಿಯಂದಿರ ಮಣಿಕಟ್ಟುಗಳನ್ನು ಅಲಂಕರಿಸಿದ ಆ ಕಾರ್ಖಾನೆಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಹೇರ್‌ಸ್ಪ್ರಿಂಗನ್ನು ಹಿಡಿದು, ಉಸಿರು ಬಿಟ್ಟರೆ ಎಲ್ಲಿ ಹಾರಿಹೋದೀತೋ ಎಂದು ಉಸಿರನ್ನೇ ಬಿಗಿಹಿಡಿದು ಯೌವನವನ್ನು ಕಳೆದವರಿಗೆ, ಸ್ವಯಂನಿವೃತ್ತಿಯ ಹಣದಿಂದ ಮೊದಲನೆಯ ಮಹಡಿಯನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟ ತರುವಾಯ, ಸೂಕ್ಷ್ಮವಾದುದು ಏನೊಂದನ್ನಾದರೂ ಹಿಡಿದು ಕೂರದೆ ದಿನ ಹೋಗದಂತಾಯಿತು. ಆ ಸಂಕಟಕಾಲದಲ್ಲಿ, ಸಾಗರದಾಚೆಗೆ ಹೊರಟ ಮಗ ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಫೋಟೋಶಾಪು ಅವರಿಗೆ ದರ್ಶನವಿತ್ತಿತು. ಈ ತಂತ್ರಾಂಶದ ಹೊಸ ಆವೃತ್ತಿಗಳು 2013ರಿಂದೀಚೆಗೆ ಕ್ರಯಕ್ಕೆ ದೊರೆಯುವುದಿಲ್ಲ. ತಿಂಗಳು ತಿಂಗಳೂ ಬಾಡಿಗೆ ಕಟ್ಟಬೇಕು. ಸ್ವಂತ ಸೈಟು, ಸ್ವಂತ ಬೋರ್‌ವೆಲ್ಲು, ಸ್ವಂತ ತೆಂಗಿನಮರಗಳ ಒಡೆಯರಾದ ನಿವಾರಕರಿಗೆ ಜೀವಮಾನದಲ್ಲಿ ತಾವೂ ಒಂದು ವಿಷಯದಲ್ಲಿ ಬಾಡಿಗೆದಾರರಾಗಿರುವ ಈ ಸಂಗತಿ ಕಿಂಚಿತ್ ಅವಮಾನಕರವಾದುದರಿಂದ, ಬಾಡಿಗೆಯನ್ನು ಕಟ್ಟುವವನು ಮಗನೆಂಬುದನ್ನು ಅವರು ತಪ್ಪದೆ ಜ್ಞಾಪಿಸುತ್ತಾರೆ.

ಭಾವಚಿತ್ರವೊಂದನ್ನು ಕೊಟ್ಟು ಕೂಡಲೆ ಹಿಂದಿರುಗುವೆನೆಂದು ಅವರ ಮನೆಗೆ ಹೋದವನು ಆ ಮನೆಯ ಪದ್ಧತಿಯನ್ನು ಅರಿಯದವನೇ ಸರಿ. ಮೊದಲು ಕಾಫಿ, ಅನಂತರ, ಯಾವ ಊರು, ಹೊಳೆಯ ಯಾವ ದಂಡೆ, ತಾತನವರು ಶಾನುಭೋಗರೋ ಮೇಷ್ಟರೋ, ತಾಯಿಯ ತವರು ಎಲ್ಲಿ, ಬೆಂಗಳೂರಿಗೆ ಬಂದು ಮೊದಲು ಇಳಿದದ್ದು ಶ್ರೀರಾಮಪುರದಲ್ಲೋ ಮಲ್ಲೇಶ್ವರದಲ್ಲೋ ಎಂಬ ವಿಚಾರಣೆ. ಮೂರು ತಲೆಮಾರಿನ ವಿವರ ದೊರೆಯದೆ ಅವರ ಬಲಗೈ ಮೌಸಿನ ಮೇಲಕ್ಕೆ ಹೋಗುವುದಿಲ್ಲ. ಅದಾದ ಮೇಲೆ ಪುರಾಣ. ಅಮೆರಿಕದ ನೋಲ್ ಸಹೋದರರು ರಚಿಸಿದ ಫೋಟೋಶಾಪು 1990ರಲ್ಲಿ ಅವತರಿಸಿದ್ದು, 1994ರಲ್ಲಿ ಅದಕ್ಕೆ ಲೇಯರುಗಳೆಂಬ ಪದರಗಳು ಪ್ರಾಪ್ತವಾದದ್ದು, ಜಿಫ್ ಚಿತ್ರಗಳ ಪೇಟೆಂಟಿನ ಜಗಳದ ಫಲವಾಗಿ ಹುಟ್ಟಿದ ಪಿಎನ್‌ಜಿ ಪದ್ಧತಿ 1996ರಲ್ಲಿ ಅಧಿಕೃತ ಮನ್ನಣೆ ಪಡೆದದ್ದು, ಜೆಪೆಗ್‌ಗೆ ಮಾತ್ರ ಪಾರದರ್ಶಕತ್ವವೆಂಬ ಭಾಗ್ಯ ಇಂದಿಗೂ ಇಲ್ಲದಿರುವುದು, ಇವೆಲ್ಲವೂ ಫಲಶ್ರುತಿಯ ಸಮೇತ ನಿವೇದಿತವಾಗುತ್ತವೆ. ಚಿತ್ರದ ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿಗಳಲ್ಲದೆ ‘ಆಲ್ಫಾ’ ಎಂಬ ನಾಲ್ಕನೆಯ ಅಂಕೆಯೊಂದನ್ನು ಕೊಡಬಹುದೆಂದು ನ್ಯೂಯಾರ್ಕಿನ ಸಂಶೋಧನಾಲಯವೊಂದರಲ್ಲಿ ಕ್ಯಾಟ್ಮಲ್ ಮತ್ತು ಸ್ಮಿತ್ ಎಂಬವರು 1977ರಲ್ಲಿ ಕಂಡುಕೊಂಡರಷ್ಟೆ. ಅಂಕೆ ಸೊನ್ನೆಯಾದರೆ ಬಿಂದು ಪೂರ್ಣ ಅದೃಶ್ಯ. 255 ಆದರೆ ಪೂರ್ಣ ಘನ. ಶಂಕರಮಠದ ಉಪನ್ಯಾಸವನ್ನು ಕೇಳಿಕೊಂಡು ಬಂದ ಸಾಯಂಕಾಲಗಳಲ್ಲಿ ನಿವಾರಕರು, ಸತ್ತಿಗೂ ಅಸತ್ತಿಗೂ ನಡುವಣ ಅನಿರ್ವಚನೀಯವಾದುದನ್ನು ಆಚಾರ್ಯರು ಸಾಮಾನ್ಯವಾಗಿ ಸೂಚಿಸಿದರೇ ವಿನಾ ಅದರಲ್ಲಿ 254 ಮೆಟ್ಟಿಲುಗಳಿವೆಯೆಂದು ಲೆಕ್ಕಹಾಕಿ ತೋರಿಸಿದವರು ಈ ಇಬ್ಬರೇ ಎಂಬುದಾಗಿ ಸಾರುವುದುಂಟು. ಎದುರುಮನೆಯ ಪುರೋಹಿತರು ಇದನ್ನು ಒಪ್ಪುವುದಿಲ್ಲ. ಆದರೂ ಸತ್ಯನಾರಾಯಣ ಪೂಜೆಯ ಕರಪತ್ರಕ್ಕೆ ತಮ್ಮ ಚಿತ್ರವನ್ನು ಕಟ್ ಮಾಡಿಸಿಕೊಳ್ಳಲು ಅವರು ಬರುವುದೂ ಇಲ್ಲಿಗೇ.

ಪುರೋಹಿತರ ಆ ಚಿತ್ರದಿಂದಲೇ ನಿವಾರಕರ ಶಾಸ್ತ್ರದ ಮೊದಲನೆಯ ಸೂತ್ರ ಹುಟ್ಟಿತು. ಮ್ಯಾಜಿಕ್ ವಾಂಡ್ ಎಂಬ ಮಂತ್ರದಂಡವೊಂದು ಈ ತಂತ್ರಾಂಶದಲ್ಲಿದೆ. ಅದನ್ನು ಒಂದು ಕಡೆ ಒತ್ತಿದರೆ, ಒತ್ತಿದ ಬಣ್ಣವನ್ನೂ ಅದಕ್ಕೆ ಹತ್ತಿರವಾದ ಬಣ್ಣಗಳನ್ನೂ ಒಟ್ಟಿಗೆ ಆಯ್ದುಕೊಳ್ಳುತ್ತದೆ. ಎಷ್ಟು ಹತ್ತಿರವೆಂಬುದನ್ನು ನಿರ್ಧರಿಸುವ ಟಾಲರೆನ್ಸ್ ಎಂಬ ಅಂಕೆಯನ್ನು ಕಂಪನಿಯವರೇ 32 ಎಂದು ಇಟ್ಟು ಕೊಟ್ಟಿರುತ್ತಾರೆ. ಪುರೋಹಿತರು ನಿಂತಿದ್ದದ್ದು ಆಗತಾನೆ ಸುಣ್ಣ ಬಳಿದ ಗೋಡೆಯ ಮುಂದೆ. ಉಟ್ಟಿದ್ದದ್ದು ಆಗತಾನೆ ಮಡಿಕೆ ಬಿಡಿಸಿದ ಬಿಳಿಯ ಪಂಚೆ. ದಂಡವನ್ನು ಗೋಡೆಗೆ ಮುಟ್ಟಿಸಿ ಡಿಲೀಟನ್ನು ಒತ್ತಿದೊಡನೆ ಗೋಡೆಯೊಡನೆ ಪಂಚೆಯೂ ಸಾಯುಜ್ಯವನ್ನು ಹೊಂದಿ, ಶಲ್ಯದಿಂದ ಮೇಲಿನ ಭಾಗವೊಂದು, ಎರಡು ಪಾದಗಳು ಬೇರೊಂದು ಎಂಬಂತೆ, ನಡುವೆ ಬರಿಯ ಬಯಲನ್ನು ಬಿಟ್ಟು ಪುರೋಹಿತರು ಎರಡು ಕಂತುಗಳಲ್ಲಿ ಉಳಿದರು. ಅಂದಿನಿಂದ ನಿವಾರಕರು ಮಂತ್ರದಂಡವನ್ನು ಮುಟ್ಟಿಲ್ಲ. ಪೆನ್ ಟೂಲನ್ನು ಹಿಡಿದು, ಬಿಂದುವಿನ ಪಕ್ಕದಲ್ಲಿ ಬಿಂದುವನ್ನಿಟ್ಟು, ಭುಜದಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ, ನೆತ್ತಿಯಿಂದ ಮತ್ತೊಂದು ಕಿವಿಗೆ, ಬೆಟ್ಟದ ಸುತ್ತ ಪ್ರದಕ್ಷಿಣೆ ಬರುವ ಹರಕೆಯವರ ಶ್ರದ್ಧೆಯಿಂದ ಅವರು ಸುತ್ತಿ ಬರುವುದನ್ನು ನೋಡತಕ್ಕದ್ದೇ.

ಈ ಕೆಲಸದಲ್ಲಿ ಬುದ್ಧಿವಂತರೂ ಎಡವುವ ಸ್ಥಳಗಳು ಕೆಲವುಂಟು. ಸೊಂಟದ ಮೇಲೆ ಕೈಯಿಟ್ಟು ನಿಂತವನ ಮೊಣಕೈಗೂ ಪಕ್ಕೆಗೂ ನಡುವೆ ಒಂದು ತ್ರಿಕೋಣಾಕಾರದ ಕಿಂಡಿ ಉಂಟಾಗುತ್ತದೆ. ಹೊರಗಿನ ಹಿನ್ನೆಲೆಯನ್ನು ತೆಗೆದ ಉತ್ಸಾಹದಲ್ಲಿ ಅನೇಕರು ಇದನ್ನು ಮರೆಯುತ್ತಾರೆ. ಕುರುಬರಹಳ್ಳಿ ಸರ್ಕಲ್ಲಿನ ಬಳಿ ಹಿಂದೊಮ್ಮೆ ಕಟ್ಟಿದ್ದ ಹುಟ್ಟುಹಬ್ಬದ ಫ್ಲೆಕ್ಸೊಂದರಲ್ಲಿ, ಉದಯಿಸುತ್ತಿರುವ ಸೂರ್ಯನನ್ನೂ ಎರಡು ಸಿಂಹಗಳನ್ನೂ ಹಿಂದಿಟ್ಟುಕೊಂಡು ನಿಂತಿದ್ದ ಯುವಮುಖಂಡರೊಬ್ಬರ ಕಂಕುಳ ಕೆಳಗಿನ ಕಿಂಡಿಯಲ್ಲಿ, ಯಾವುದೋ ಕಲ್ಯಾಣಮಂಟಪದ ಪಂಕ್ತಿಯಲ್ಲಿ ಕುಳಿತು ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿದ್ದ ವೃದ್ಧರೊಬ್ಬರು ಸ್ಪಷ್ಟವಾಗಿ ಕಾಣುತ್ತಿದ್ದರು. 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಆಗ್ರಹದ ಮೇರೆಗೆ ನಗರದ ಫ್ಲೆಕ್ಸುಗಳನ್ನೆಲ್ಲ ಕಿತ್ತಾಗ ನಿವಾರಕರು ಸಂತೋಷಪಟ್ಟದ್ದು ನಗರಸೌಂದರ್ಯಕ್ಕಾಗಿಯೋ ಆ ಕಿಂಡಿಗಾಗಿಯೋ ನಾನರಿಯೆ. ಎರಡನೆಯ ಸ್ಥಳ ಕನ್ನಡಕ. ವ್ಯಕ್ತಿಯನ್ನು ಬೇರೆಡೆಗೆ ಸಾಗಿಸಿದರೂ ಅವನ ಕನ್ನಡಕದ ಅಂಚಿನ ಗಾಜಿನಲ್ಲಿ ಹಳೆಯ ಹಿನ್ನೆಲೆಯ ತುಣುಕು ಉಳಿದುಬಿಡುತ್ತದೆ. ಬದರಿನಾಥದ ಹಿಮದಲ್ಲಿ ನಿಂತವರ ಕನ್ನಡಕದೊಳಗೆ ಮಹಾಲಕ್ಷ್ಮಿ ಲೇಔಟಿನ ಸಿಂಟೆಕ್ಸ್ ಟ್ಯಾಂಕು ಕಾಣುವುದು ಹೀಗೆ. ಮೂರನೆಯದು ಮುಡಿದ ಮಲ್ಲಿಗೆ ಮತ್ತು ಕೆದರಿದ ಮುಂಗುರುಳು. ಒಂದು ಎಳೆ ಕೂದಲಿನ ಅಂಚಿನ ಬಿಂದುವಿನಲ್ಲಿ ಅರ್ಧ ಕೂದಲೂ ಅರ್ಧ ಗೋಡೆಯೂ ಬೆರೆತಿರುವುದರಿಂದ, ಪೂರಾ ಉಳಿಸಿದರೆ ತಲೆಯ ಸುತ್ತ ಗೋಡೆಯ ಬಣ್ಣದ ಪ್ರಭಾವಳಿ, ಪೂರಾ ತೆಗೆದರೆ ಕ್ಷೌರಿಕನ ಅವಸರದ ಕೆಲಸ. ಇಲ್ಲಿಯೇ ಆ 254 ಮೆಟ್ಟಿಲುಗಳು ಬೇಕಾಗುವುದು. ಹೇರ್‌ಸ್ಪ್ರಿಂಗು ಹಿಡಿದ ಕೈ ಬೆಳಗಾಗುವಷ್ಟರಲ್ಲಿ ಪಕ್ಕದ ರಸ್ತೆಯ ಮದುವೆಹೆಣ್ಣೊಬ್ಬಳ ಜಡೆಯ ಒಂದು ಮಗ್ಗುಲನ್ನು ದಾಟಿರುವುದೂ ಇಲ್ಲಿಯೇ. ಜಾತಕದ ಜೊತೆಗೆ ಕಳುಹಬೇಕಾಗಿದ್ದ ಆ ಚಿತ್ರ ಸಿದ್ಧವಾಗುವುದರೊಳಗೆ ಆಕೆಗೆ ಬೇರೊಂದು ಕಡೆ ನಿಶ್ಚಯವಾಗಿತ್ತು.

ಇಷ್ಟು ಶ್ರಮದ ಫಲ ವಾಟ್ಸಾಪಿನಲ್ಲಿ ಪಡುವ ಪಾಡು ಕರುಣಾಜನಕ. ಪಿಎನ್‌ಜಿಯನ್ನು ಫೋಟೋ ಎಂದು ಕಳುಹಿದರೆ ಅದು ದಾರಿಯಲ್ಲಿ ಜೆಪೆಗ್ ಆಗಿಬಿಡುವುದರಿಂದ, ಪಾರದರ್ಶಕ ಭಾಗವು ಅನೇಕ ವೇಳೆ ಕಾಡಿಗೆಯಂತಾಗಿ, ಕತ್ತಲೆಯ ಕೋಣೆಯಿಂದ ಯಾರೋ ನಗುತ್ತ ಹೊರಬರುತ್ತಿರುವಂತೆ ತೋರುತ್ತದೆ. ‘ಡಾಕ್ಯುಮೆಂಟ್ ಅಂತ ಕಳಿಸಿ ಸ್ವಾಮಿ, ಡಾಕ್ಯುಮೆಂಟ್ ಅಂತ!’ ಎಂದು ಬೆಳಗಿನ ಪಾರ್ಕಿನ ವಾಕಿಂಗಿನಲ್ಲಿ ನಿವಾರಕರು ಕೂಗುವುದನ್ನು ಕೇಳಿ, ಹೊಸಬರು ಇವರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ನಿವೃತ್ತರಾದವರೆಂದು ಭಾವಿಸಿದ್ದಾರೆ. ಗಣೇಶೋತ್ಸವದ ಹುಡುಗರದು ಇನ್ನೊಂದು ಬಗೆ. ಶೂನ್ಯವನ್ನು ತೋರಿಸಲು ತಂತ್ರಾಂಶದವರು ಬೂದು ಬಿಳಿಯ ಚೌಕಗಳನ್ನು ಬಳಸುತ್ತಾರಷ್ಟೆ; ಆ ಚೌಕಗಳೇ ಚಿತ್ರದಲ್ಲಿ ಅಚ್ಚಾಗಿದ್ದ ನಕಲಿ ಪಿಎನ್‌ಜಿಯೊಂದನ್ನು ಗೂಗಲಿನಿಂದ ಇಳಿಸಿಕೊಂಡು ಅವರು ಹತ್ತಡಿಯ ಬ್ಯಾನರಿಗೆ ಕೊಟ್ಟುದರ ಪರಿಣಾಮವಾಗಿ, ಆ ವರ್ಷ ವಿಘ್ನೇಶ್ವರನು ಚದುರಂಗದ ಮಣೆಯ ನಡುವೆ ವಿರಾಜಮಾನನಾದನು. ಮೊಸಾಯಿಕ್ ನೆಲ ಬಹಳ ಚೆನ್ನಾಗಿದೆಯೆಂದು ಹೊಗಳಿದವರೂ ಇದ್ದರು.

ಇತ್ತೀಚೆಗೆ ನಿವಾರಕರಿಗೆ ಮನೆಯಲ್ಲಿಯೇ ಪ್ರತಿಸ್ಪರ್ಧಿ ಹುಟ್ಟಿದ್ದಾನೆ. ಮೊಮ್ಮಗನ ಕೈಯಲ್ಲಿನ ಫೋನು, ಚಿತ್ರದ ಮೇಲೆ ಬೆರಳನ್ನು ಒತ್ತಿ ಹಿಡಿದ ಮಾತ್ರಕ್ಕೆ ವ್ಯಕ್ತಿಯನ್ನು ಹಿನ್ನೆಲೆಯಿಂದ ಎತ್ತಿ ಕೊಡುತ್ತದೆ. ನಿವಾರಕರು ಎಚ್‌ಎಂಟಿಯ ಕಾಲದ ಭೂತಗನ್ನಡಿಯನ್ನು ಪೆಟ್ಟಿಗೆಯಿಂದ ತೆಗೆದು ಫೋನಿನ ಪರದೆಗೆ ಒತ್ತಿ ಪರೀಕ್ಷಿಸಿ, ಎಡಗಿವಿಯ ಓಲೆಯ ತಿರುಪು ಕಾಣೆಯಾಗಿರುವುದನ್ನು ಪತ್ತೆಹಚ್ಚಿ, ಆ ಇಡೀ ವಾರ ನೆಮ್ಮದಿಯಿಂದ ನಿದ್ದೆ ಮಾಡಿದರು. ನಮ್ಮ ಬಡಾವಣೆಯ ಗುಡ್ಡದ ಮೇಲಿನ ಪ್ರಸನ್ನ ವೀರಾಂಜನೇಯನ 22 ಅಡಿಯ ಮೂರ್ತಿಯನ್ನು ಕಡೆದವನೂ ಆಂಜನೇಯನಲ್ಲದ ಕಲ್ಲನ್ನು ತೆಗೆದನಷ್ಟೆ, ಅವನೇನು ಬೆರಳು ಒತ್ತಿ ಹಿಡಿದನೇ ಎಂದು ಅವರು ವಾದಿಸುವಾಗ ಅದರಲ್ಲಿ ಸತ್ಯಾಂಶವಿಲ್ಲವೆನ್ನಲಾರೆ. ಆ ಶಿಲ್ಪಿಗೆ ಅನ್‌ಡೂ ಗುಂಡಿ ಇರಲಿಲ್ಲವೆಂಬುದನ್ನು ಮಾತ್ರ ನಾನು ಹೇಳಲು ಹೋಗಲಿಲ್ಲ.

ನಿವಾರಕರ ವಿದ್ಯೆ ಪೂರ್ಣವಾಗಿ ಪ್ರಕಟವಾಗುವುದು ಗತಿಸಿದವರ ವಿಷಯದಲ್ಲಿ. ಬದುಕಿದ್ದಷ್ಟು ಕಾಲವೂ ಗ್ರೂಪ್ ಫೋಟೋಗಳ ಎರಡನೆಯ ಸಾಲಿನಲ್ಲಿಯೇ ನಿಂತು ತೃಪ್ತರಾಗಿದ್ದ ಗೃಹಸ್ಥರು ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ಕಾರ್ಡಿಗೆ ಒಂದು ಮುಖವೂ ದೊರೆಯದೆ ಮನೆಯವರು ಯಾವುದೋ ಉಪನಯನದ ಚಿತ್ರವನ್ನು ಹಿಡಿದು ಓಡಿಬರುತ್ತಾರೆ. ಹೀಗೆ ಬಂದ ಒಬ್ಬ ತಾಯಿ ತಂದಿದ್ದ ಚಿತ್ರದಲ್ಲಿ ಯಜಮಾನರ ಎಡಭುಜದ ಮೇಲೆ ಉಂಗುರ ತೊಟ್ಟ ಕೈಯೊಂದಿತ್ತು.

‘ಈ ಕೈ ಯಾರದಮ್ಮಾ?’

‘ನಮ್ಮ ಭಾವನವರದು.’ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ತೆಗೆದುಬಿಡಿ ಸಾರ್. ರಾಜಾಜಿನಗರದ ಸೈಟಿನ ಕೇಸು ಇನ್ನೂ ನಡೀತಿದೆ’ ಎಂದರು.

ಕೈಯನ್ನು ತೆಗೆದರೆ ಭುಜದಲ್ಲಿ ಐದು ಬೆರಳಿನ ರಂಧ್ರ. ನಿವಾರಕರು ಬಲಭುಜದ ಜುಬ್ಬವನ್ನು ಪ್ರತಿಮಾಡಿ, ಮಗುಚಿ, ಎಡಭುಜಕ್ಕೆ ಹೊಲಿದು, ನೆರಿಗೆಗೆ ನೆರಿಗೆಯನ್ನು ಕೂಡಿಸಿ ಎರಡು ರಾತ್ರಿ ದುಡಿದರು. ಸಮಾರಾಧನೆಯ ದಿನ, ಗಂಧದ ಹಾರದ ಹಿಂದಿನ ಆ ಚಿತ್ರವನ್ನು ಭಾವನವರು ಬಹಳ ಹೊತ್ತು ನೋಡಿ, ಉಂಗುರದ ಕೈಯಿಂದ ತೋರಿಸುತ್ತ, ‘ಇದು ಶೃಂಗೇರಿಯಲ್ಲಿ ಮುಂಜಿಯ ದಿನ ತೆಗೆದದ್ದಲ್ಲವೇ? ಪಕ್ಕದಲ್ಲೇ ನಾನಿದ್ದೆ. ನನ್ನ ಕೈ ಇವನ ಹೆಗಲ ಮೇಲಿತ್ತು’ ಎಂದರು. ಪಂಕ್ತಿ ನಿಶ್ಶಬ್ದವಾಯಿತು. ವಿಧವೆ ತಲೆಯೆತ್ತಲಿಲ್ಲ. ನಿವಾರಕರು ಎಲೆಯ ಮುಂದಿನಿಂದ ಅರ್ಧ ಎದ್ದು, ತಮ್ಮ ಕಸುಬಿನ ಮೇಲೆ ಬಂದ ಆಕ್ಷೇಪಣೆಯನ್ನು ಸಹಿಸದವರಂತೆ, ‘ಎಲ್ಲೂ ಹೋಗಿಲ್ಲ ಸ್ವಾಮಿ. ಬೇರೆ ಲೇಯರಿನಲ್ಲಿ ಭದ್ರವಾಗಿಟ್ಟಿದ್ದೇನೆ, “ಭಾವನವರ ಕೈ” ಅಂತ ಹೆಸರೂ ಕೊಟ್ಟಿದ್ದೇನೆ. ನಿಮ್ಮ ಕೇಸು ಇತ್ಯರ್ಥವಾದ ದಿನ ಹೇಳಿಕಳಿಸಿ, ಉಂಗುರದ ಸಮೇತ ಹಾಕಿಕೊಡುತ್ತೇನೆ’ ಎಂದರು.