ರೈಲುಗಳ ದಕ್ಷತೆ: ಒಂದು ಷಟ್‌ಪ್ರಮಾಣ ಮೀಮಾಂಸೆ

ಇನ್ನು ರೈಲಿನ ಜಿಜ್ಞಾಸೆ. ಮಂಗಳಾಚರಣೆಯನ್ನು ಇಲ್ಲಿ ಕೈಬಿಡಲಾಗಿದೆ. ದೇವರನ್ನು ನೆನೆಯುವ ಕೆಲಸವನ್ನು ವೇಟಿಂಗ್ ಲಿಸ್ಟಿನವರು ನಮಗಿಂತ ಶ್ರದ್ಧೆಯಿಂದ ಮಾಡುತ್ತಿದ್ದಾರೆ.

ಯಾವ ದೇಶದ ರೈಲ್ವೆ ಹೆಚ್ಚು ದಕ್ಷ ಎಂಬುದಕ್ಕೆ ಅರ್ಥಶಾಸ್ತ್ರಜ್ಞರು ಕೋಷ್ಟಕ ಹಾಕಿ ಉತ್ತರ ಹೇಳಿ ಕೆಟ್ಟಿದ್ದಾರೆ. ಒಂದು ಸಂಗತಿಯನ್ನು ಅಳೆಯುವ ಮುನ್ನ ಅದನ್ನು ತಿಳಿಯುವ ದಾರಿ ಯಾವುದೆಂದು ಕೇಳುವ ಶಿಸ್ತು ಅವರಿಗಿಲ್ಲ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದ ಪ್ರಮಾಣಗಳು ಆರು. ಪ್ರಯಾಣಿಕರಂತೆ ಅವೂ ರೈಲು ಬರುವುದಕ್ಕೆ ಎಷ್ಟೋ ಮೊದಲೇ ಬಂದು ಕಾದಿದ್ದವು.

ಪ್ರತ್ಯಕ್ಷಕ್ಕೆ ಜಪಾನ್ ಒಂದೇ ಸಾಕು. 2017ರ ನವೆಂಬರ್ 14ರಂದು ತ್ಸುಕುಬಾ ಎಕ್ಸ್‌ಪ್ರೆಸ್ ಮಾರ್ಗದ ಮಿನಾಮಿ ನಾಗರೆಯಾಮ ನಿಲ್ದಾಣದಿಂದ ಗಾಡಿಯೊಂದು 20 ಸೆಕೆಂಡ್ ಮೊದಲೇ ಹೊರಟಿತು. ಯಾರೂ ದೂರು ಕೊಡದಿದ್ದರೂ ಕಂಪನಿ ತಾನಾಗಿ ಕ್ಷಮೆ ಕೇಳಿತು. ಮಿಕ್ಕ ದೇಶಗಳಲ್ಲಿ ಪ್ರತ್ಯಕ್ಷದಿಂದ ಹೆಚ್ಚು ಪ್ರಯೋಜನವಿಲ್ಲ. ನೋಡಬೇಕೆಂದರೆ ಗಾಡಿ ಬಂದಿರಬೇಕಷ್ಟೆ.

ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸುವ ತಾರ್ಕಿಕರ ಅನುಮಾನ ಉಗಿಬಂಡಿಯ ಕಾಲಕ್ಕೆ ಹೇಳಿ ಮಾಡಿಸಿದಂತಿತ್ತು. ಭಾರತದ ಬ್ರಾಡ್‌ಗೇಜ್ ಜಾಲದ ಬಹುಪಾಲಿಗೆ ವಿದ್ಯುತ್ ತಂತಿ ಎಳೆದು ಆ ಪ್ರಮಾಣದ ಬೇರನ್ನೇ ಕಿತ್ತಿದ್ದಾರೆ. ಕೆಂಪಂಗಿಯ ಪೋರ್ಟರ್ ಎದ್ದು ನಿಂತ, ಆದ್ದರಿಂದ ಗಾಡಿ ಬಂತು ಎಂಬ ಊಹೆಯೊಂದು ಉಳಿದಿದೆ. ಅದು ಮೊಬೈಲ್ ಆ್ಯಪಿಗಿಂತ ವಾಸಿ.

ತೊಡಕು ಶುರುವಾಗುವುದು ಉಪಮಾನದಲ್ಲಿ. 12 ನಿಮಿಷ ತಡವಾದ ಒಂದು ಗಾಡಿಯಿದೆ ಎನ್ನಿ. ಸ್ವಿಟ್ಜರ್ಲೆಂಡಿನಲ್ಲಿ ಮೂರು ನಿಮಿಷದೊಳಗೆ ಬಂದರಷ್ಟೇ ಸಕಾಲ, ಹಾಗಾಗಿ ಅಲ್ಲಿ ಅದು ತಪ್ಪಿತಸ್ಥ. ಜರ್ಮನಿಯಲ್ಲಿ ಆರು ನಿಮಿಷದೊಳಗಾದರೆ ಮಾಫಿ, ಅಲ್ಲೂ ಉಳಿಗಾಲವಿಲ್ಲ. ಬ್ರಿಟನ್ನಿನ ಹಳೆಯ ಲೆಕ್ಕದಲ್ಲಿ ದೂರದ ಗಾಡಿಗೆ ಹತ್ತು ನಿಮಿಷ ರಿಯಾಯಿತಿ, ಎರಡೇ ನಿಮಿಷಕ್ಕೆ ಫೇಲು. ಭಾರತದಲ್ಲಿ ಹದಿನೈದು ನಿಮಿಷ. ಅದೇ ಗಾಡಿ, ಅದೇ ತಡ, ಬೆಂಗಳೂರಿನಲ್ಲಿ ಮಾತ್ರ ಪ್ರಥಮ ದರ್ಜೆಯಲ್ಲಿ ತೇರ್ಗಡೆ. ಬಟ್ಟೆ ಸಾಲದಾಗ ಟೇಪನ್ನೇ ಎಳೆದು ಉದ್ದ ಮಾಡುವ ದರ್ಜಿಗಳು ರೈಲ್ವೆಗಳಲ್ಲಿ ಬೇಕಾದಷ್ಟಿದ್ದಾರೆ.

ಇನ್ನು ಶಬ್ದಪ್ರಮಾಣ. ವೇದಕ್ಕೆ ಕರ್ತೃವಿಲ್ಲ, ಅದು ನಿತ್ಯ ಎಂದು ಮೀಮಾಂಸಕರು ವಾದಿಸಿದ್ದರು. ‘ಪ್ರಯಾಣಿಕರ ಗಮನಕ್ಕೆ’ ಎಂದು ಮೂರು ಭಾಷೆಯಲ್ಲಿ ಮೊಳಗುವ ಪ್ರಕಟಣೆಗೂ ಈ ಎರಡು ಲಕ್ಷಣಗಳಿವೆ. ಅದನ್ನು ಈಗ ಯಾರೂ ಹೇಳುತ್ತಿಲ್ಲ, ಎಂದೋ ಮುದ್ರಿಸಿದ್ದು. ಅದರಲ್ಲಿ ಬರುವ ವಿಷಾದವೂ ಹಾಗಾಗಿ ಅಪೌರುಷೇಯ. ಇಂಥವರೇ ವಿಷಾದಿಸಿದರು ಎಂದು ಬೊಟ್ಟು ಮಾಡಲು ಬರುವುದಿಲ್ಲ. ಟಿಕೆಟ್ಟಿನ ಬರಹವೂ ಶಬ್ದಪ್ರಮಾಣವೇ. ಪ್ರಯಾಣದ ಖರ್ಚಿನಲ್ಲಿ ಭಾರತೀಯ ರೈಲ್ವೆಗೆ ಸರಾಸರಿ ಶೇ. 57 ಮಾತ್ರ ವಸೂಲಾಗುತ್ತದೆ ಎಂದು ಅದರ ಮೇಲೆ ಅಚ್ಚು ಹಾಕಿದರು. ಕಾಸು ಕೊಟ್ಟು ಹಂಗಿಸಿಕೊಳ್ಳುವ ಈ ಸೌಲಭ್ಯ ಜಪಾನೀಯರಿಗಿಲ್ಲ.

ಆರರಲ್ಲಿ ಶ್ರೇಷ್ಠವಾದದ್ದು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಎಂದ ಮೇಲೆ ರಾತ್ರಿ ಉಣ್ಣುತ್ತಿರಬೇಕು. ಇವನನ್ನು ಹುಬ್ಬಳ್ಳಿಯಲ್ಲಿ ಬೆಂಗಳೂರು ಗಾಡಿ ಹತ್ತಿಸೋಣ. ಹಾವೇರಿಯಲ್ಲಿ ತಡ. ಬೀರೂರಿನಲ್ಲಿ ಸಿಗ್ನಲ್ ಇಲ್ಲ. ತುಮಕೂರಿಗೆ ಬರುವಷ್ಟರಲ್ಲಿ ಅರ್ಧ ಗಂಟೆ ಲೇಟು. ಆದರೂ ಮೆಜೆಸ್ಟಿಕ್ಕಿಗೆ ರೈಟ್ ಟೈಮ್! ಎಂದ ಮೇಲೆ ವೇಳಾಪಟ್ಟಿ ಎಲ್ಲೋ ಕದ್ದು ಉಂಡಿರಬೇಕು. ಉಂಡದ್ದು ಕೊನೆಯ ತುಂಡು ದಾರಿಯಲ್ಲಿ. ಊರು ಬಿಡುವ ಗಾಡಿ ಸರ್ರನೆ ದಾಟುವ ದೂರಕ್ಕೆ ಊರಿಗೆ ಬರುವ ಗಾಡಿಗೆ ಧಾರಾಳವಾಗಿ ಹೊತ್ತು ಕೊಟ್ಟಿರುವುದನ್ನು ಟೈಂಟೇಬಲ್ ತೆರೆದರೆ ಯಾರು ಬೇಕಾದರೂ ಕಾಣಬಹುದು. ಗಾಡಿ ಅಪ್ಪಿತಪ್ಪಿ ಬೇಗ ಬಂದರೆ ಆ ಕೊಬ್ಬು ಕರಗಲೆಂದು ಔಟರಿನಲ್ಲಿ ನಿಲ್ಲಿಸುತ್ತಾರೆ. ಲೆಕ್ಕ ಹಿಡಿಯುವುದು ಕಡೆಯ ನಿಲ್ದಾಣದಲ್ಲಿ ಮಾತ್ರ. ದೇವದತ್ತ ತುಮಕೂರಿನಲ್ಲೇ ಇಳಿದಿದ್ದರೆ ಅವನು ತಡವಾಗಿ ಬಂದವನು, ಅವನು ಬಂದ ಗಾಡಿ ಸಕಾಲಕ್ಕೆ ಬಂದದ್ದು. ಮೀಮಾಂಸಕರಿಗೆ ಇಂಥ ಸಮಸ್ಯೆ ಎದುರಾಗಿರಲಿಲ್ಲ.

ದುಡ್ಡಿನ ಲೆಕ್ಕದಲ್ಲೂ ಇದೇ ದೇವದತ್ತ ಕೂತಿದ್ದಾನೆ. ನೂರು ರೂಪಾಯಿ ಗಳಿಸಲು ಎಷ್ಟು ಖರ್ಚಾಯಿತು ಎಂಬುದಕ್ಕೆ ಆಪರೇಟಿಂಗ್ ರೇಶಿಯೋ ಎನ್ನುತ್ತಾರೆ. 2019-20ಕ್ಕೆ ಭಾರತೀಯ ರೈಲ್ವೆ ತೋರಿಸಿದ್ದು 98.36. ಪಿಂಚಣಿಯ ನಿಜವಾದ ಖರ್ಚನ್ನು ಸೇರಿಸಿದ್ದರೆ ಅದು 114.35 ಆಗುತ್ತಿತ್ತೆಂದು ಸಿಎಜಿ ವರದಿ ಹೇಳಿತು. 98 ಹಗಲಿನ ಊಟ, ಮಿಕ್ಕ 16 ರಾತ್ರಿಯದು.

ಕೊನೆಯದು ಅನುಪಲಬ್ಧಿ, ಅಂದರೆ ಇಲ್ಲದ್ದನ್ನು ಇಲ್ಲವೆಂದು ತಿಳಿಯುವ ಬಗೆ. ಇದರ ಸಾಧಕರು ಜರ್ಮನ್ನರು. ಅಲ್ಲಿ ರದ್ದಾದ ಗಾಡಿ ಸಮಯಪಾಲನೆಯ ಲೆಕ್ಕಕ್ಕೆ ಸೇರುವುದಿಲ್ಲ. ಓಡದ ಗಾಡಿ ತಡವಾಗುವುದಾದರೂ ಹೇಗೆ? ತೀರ ತಡವಾದ ಗಾಡಿಯನ್ನು ಅರ್ಧ ದಾರಿಯಲ್ಲೇ ಹಿಂದಕ್ಕೆ ತಿರುಗಿಸುವ ಉಪಾಯಕ್ಕೆ, ರೈಲ್ವೆಯ ಆಡಳಿತ ಮಂಡಳಿಯಲ್ಲಿದ್ದ ಪೊಫಾಲಾ ಅವರ ಹೆಸರನ್ನೇ ಜನ ಅಂಟಿಸಿದ್ದಾರೆ. ಇಷ್ಟೆಲ್ಲ ಮಾಡಿಯೂ 2024ರಲ್ಲಿ ದೂರದ ಗಾಡಿಗಳ ಪೈಕಿ ಸಕಾಲಕ್ಕೆ ಬಂದವು ನೂರಕ್ಕೆ ಸುಮಾರು 62. ಕಾರಣ ಸ್ಪಷ್ಟ: ಸಾಧನೆ ಅಪೂರ್ಣ, ಇನ್ನೂ ಕೆಲವು ಗಾಡಿಗಳನ್ನು ಓಡಿಸುತ್ತಿದ್ದಾರೆ.

ಸಿದ್ಧಿ ಪಡೆದ ದೇಶ ಐಸ್‌ಲ್ಯಾಂಡ್. ಒಂದು ಶತಮಾನದ ಹಿಂದೆ ರೇಕ್ಯಾವಿಕ್ ಬಂದರು ಕಟ್ಟುವಾಗ ಕಲ್ಲು ಸಾಗಿಸಲು ಹಾಕಿದ ಚಿಕ್ಕ ಹಳಿಯೂ ಈಗಿಲ್ಲ. ಸಾರ್ವಜನಿಕ ರೈಲು ಅಲ್ಲಿ ಓಡಿದ್ದೇ ಇಲ್ಲ. ತಡವಾದ ಗಾಡಿ ಸೊನ್ನೆ. ಖರ್ಚು ಸೊನ್ನೆ, ಗಳಿಕೆ ಸೊನ್ನೆ. ಭಾಗಿಸಿದರೆ ಬರುವ ರೇಶಿಯೋ ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯ. ಯಾವ ಸಿಎಜಿಯೂ ಅದನ್ನು ತಿದ್ದಲಾರರು.

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು ಕೇಳುತ್ತಾನೆ: ಹಾಗಾದರೆ ಐಸ್‌ಲ್ಯಾಂಡಿನವರು ಊರಿಗೆ ಹೋಗುವುದು ಹೇಗೆ, ಸ್ವಾಮಿ?

ಬಸ್ಸಿನಲ್ಲಿ. ಅದು ಬೇರೆ ಶಾಸ್ತ್ರ, ಇಲ್ಲಿ ಅಪ್ರಸ್ತುತ.